ಟ್ರೈಲರ್ ಲೈಟ್ ಪದೇ ಪದೇ ಕೈಕೊಡ್ತಿದೆಯಾ? ಬಲ್ಬ್ ಬದಲಿಸೋ ಮೊದಲು ಅರ್ತ್ ವೈರ್ ನೋಡಿ

ಹೋದ ವರ್ಷ ಗೊಬ್ಬರ ತುಂಬಿಕೊಂಡು ರಾತ್ರಿ ಏಳೂವರೆ ಹೊತ್ತಿಗೆ ಮನೆ ಕಡೆ ಬರ್ತಿದ್ದೆ. ಹಿಂದಿನಿಂದ ಬಂದ ಬೈಕೊಂದು ಕಿರ್ರಂತ ಬ್ರೇಕ್ ಹಾಕಿ, ಟ್ರೈಲರ್ ಪಕ್ಕದಲ್ಲೇ ಮಣ್ಣಿಗಿಳಿದು ನಿಂತಿತು. ಹಿಂದೆ ಕೂತಿದ್ದ ಹೆಣ್ಣುಮಗಳ ತೊಡೆ ಮೇಲೆ ಮಗು. "ಏನಣ್ಣ, ಒಂದು ಲೈಟೂ ಇಲ್ವಲ್ಲ" ಅಂದ ಆತ. ನಾನು ಉತ್ತರ ಕೊಡಲಿಲ್ಲ.

ಲೈಟ್ ಇತ್ತು. ಆ ತಿಂಗಳಲ್ಲೇ ಎರಡು ಸಲ ಬಲ್ಬ್ ಬದಲಿಸಿದ್ದೆ. ತೊಂದರೆ ಬಲ್ಬಿನದಲ್ಲ, ಅರ್ತಿನದು ಅಂತ ಗೊತ್ತಾಗಿದ್ದು ಮಾರನೇ ದಿನ.

ಕರೆಂಟು ವಾಪಸ್ ಬರಬೇಕು

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬ್ ಉರಿಸಿ ಮೈನಸ್‌ಗೆ ವಾಪಸ್ ಬಂದರೆ ಮಾತ್ರ ಬೆಳಕು. ನಮ್ಮ ಎಷ್ಟೋ ಟ್ರೈಲರ್‌ಗಳಲ್ಲಿ ಹೋಗುವ ದಾರಿಗೆ ವೈರ್ ಇರುತ್ತೆ, ಬರುವ ದಾರಿಗೆ ಇರಲ್ಲ. ಟ್ರೈಲರಿನ ಕಬ್ಬಿಣ, ಮೂಕಿ, ಹುಕ್ಕಿನ ಪಿನ್ನು ಇವುಗಳ ಮೂಲಕವೇ ಅದು ಟ್ರ್ಯಾಕ್ಟರಿಗೆ ಮರಳಬೇಕು. ಆ ಪಿನ್ನಿಗೆ ಗ್ರೀಸು, ಕೆಸರು, ತುಕ್ಕು. ಗುಂಡಿ ಬಂದಾಗಲೆಲ್ಲ ಕುಣಿತ. ಅದಕ್ಕೇ ಲೈಟೂ ಕುಣಿಯುತ್ತೆ.

ಮನೆಯ 230 ವೋಲ್ಟಿನಲ್ಲಿ 3 ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗಲ್ಲ. ಟ್ರ್ಯಾಕ್ಟರಿನಲ್ಲಿ ಇರೋದೇ 12 ವೋಲ್ಟ್. ತುಕ್ಕಿನಲ್ಲಿ 3 ಹೋದರೆ ಬಲ್ಬಿಗೆ ಉಳಿಯೋದು 9, ಬೆಳಕು ಬರೀ ಕೆಂಡದ ಹಾಗೆ.

ಗುರುತಿಸೋದು ಹೇಗೆ?

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹೊತ್ತಿಕೊಂಡರೆ, ಅಥವಾ ಇಂಡಿಕೇಟರ್ ಹಾಕಿದಾಗ ಹಿಂದಿನ ಲೈಟೂ ಜೊತೆಗೆ ಮಿನುಗಿದರೆ ಮೊದಲ ಅನುಮಾನ ಅರ್ತ್ ಮೇಲೆ. ಬರುವ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಹುಡುಕ್ತಿರುತ್ತೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಲೈಟ್ ಹಾಕಿಟ್ಟು, ಉದ್ದ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಹಿಂದಿನ ಲೈಟಿನ ಅರ್ತ್ ಬೋಲ್ಟಿಗೆ ಮುಟ್ಟಿಸಿ. ಬೆಳಕು ತಟ್ಟನೆ ಜಾಸ್ತಿಯಾದರೆ ಕಳ್ಳ ಸಿಕ್ಕಿದ. ವೈರ್ ತಪ್ಪಿಯೂ ಪ್ಲಸ್‌ಗೆ ತಾಗಬಾರದು.

ಕೆಲಸಕ್ಕೆ ಇಳಿಯುವ ಮುಂಚೆ

ಟ್ರೈಲರ್ ಖಾಲಿ ಇರಲಿ, ನೆಲ ಸಮ ಇರಲಿ. ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಎರಡು ಚಕ್ರದ ಟ್ರೈಲರ್ ಆದರೆ ಮೂಕಿಯ ಸ್ಟ್ಯಾಂಡ್ ಇಳಿಸಿ, ಅದರ ಕೆಳಗೆ ದಪ್ಪ ಹಲಗೆ ಇಡಿ. ಬರೀ ಜಾಕಿ ನಂಬಿ ಕೆಳಗೆ ತೂರಬೇಡಿ. ಆಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ.

ಜೋಡಿಸುವ ಕ್ರಮ

1. ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಸಾಮಾನ್ಯ ಕ್ರಮ ಹೀಗಿದೆ: 1 ಎಡ ಇಂಡಿಕೇಟರ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಹಿಂದೀಪ, 6 ಬ್ರೇಕ್, 7 ಎಡ ಹಿಂದೀಪ. ಮೊದಲು ಯಾರಾದ್ರೂ ರಿಪೇರಿ ಮಾಡಿ ಅದಲು ಬದಲು ಮಾಡಿರಬಹುದು. ಬಣ್ಣ ನಂಬಬೇಡಿ, ಕೊನೆಯಲ್ಲಿ ಬ್ಯಾಟರಿ ಕೂಡಿಸಿದಾಗ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಿ.

2. ಸಾಕೆಟ್ ಹೊಸದಾಗಿ ಹಾಕುವುದಾದರೆ ಟ್ರ್ಯಾಕ್ಟರಿನ ಹಿಂದಿನ ಲೈಟಿನ ವೈರ್‌ಗಳಿಂದಲೇ ಸಂಪರ್ಕ ತೆಗೆಯಿರಿ. ಆಗ ಸ್ವಿಚ್ಚೂ ಫ್ಯೂಸೂ ಎರಡೂ ಸಿಗುತ್ತವೆ.

3. ಪ್ರತಿ ಲೈಟಿಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಅರ್ತಿಗೆ ಮಾತ್ರ 2.5 ಹಾಕಿ, ಎಲ್ಲ ಲೈಟಿನ ಕರೆಂಟೂ ಅದರಲ್ಲೇ ವಾಪಸ್ ಬರಬೇಕು.

4. ಈ ಅರ್ತ್ ವೈರ್ ಮೂರನೇ ಪಿನ್ನಿನಿಂದ ಹೊರಟು ಎರಡೂ ಲೈಟಿನ ತನಕ ಹೋಗಲಿ. ಟ್ರ್ಯಾಕ್ಟರ್ ಕಡೆಯಲ್ಲಿ ಅದೇ ಪಿನ್ನಿನ ವೈರ್ ಬ್ಯಾಟರಿಯ ಮೈನಸ್‌ಗೆ ಅಥವಾ ಚಾಸಿಯ ಗಟ್ಟಿ ಬೋಲ್ಟಿಗೆ ಸೇರಲಿ. ಅಲ್ಲಿ ಪೇಂಟು, ತುಕ್ಕು ಕೆರೆದು ಕಬ್ಬಿಣ ಹೊಳೆಯಬೇಕು. ಥಿಂಬಲ್ ಒತ್ತಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ.

5. ವೈರ್‌ಗಳನ್ನು ಪೈಪಿನೊಳಗೆ ಹಾಕಿ ಚಾಸಿಯ ಒಳಮೈಗೆ ಕಟ್ಟಿ. ಮೂಕಿ ಹತ್ತಿರ ತಿರುವಿಗೆ ಬೇಕಾದಷ್ಟು ಸಡಿಲ ಬಿಡಿ, ಆದರೆ ನೆಲಕ್ಕೆ ತಾಗಬಾರದು. ಇಲಿ ಕಡಿದರೆ, ಕಬ್ಬಿನ ಸುಳಿ ಎಳೆದರೆ ಕಾಣುವ ಹಾಗಿರಲಿ.

ಫ್ಯೂಸಿಗೆ ತಂತಿ ಸುತ್ತಬೇಡಿ

ಹಿಂದೀಪದ ಬಲ್ಬ್ 5 ವ್ಯಾಟ್, ಬ್ರೇಕ್ ಮತ್ತು ಇಂಡಿಕೇಟರ್ ತಲಾ 21 ವ್ಯಾಟ್ ಅಂತ ಇಟ್ಟುಕೊಳ್ಳಿ. ಎರಡು ಹಿಂದೀಪ, ಎರಡು ಬ್ರೇಕ್, ಒಂದು ಇಂಡಿಕೇಟರ್ ಒಟ್ಟಿಗೆ ಉರಿದರೆ 73 ವ್ಯಾಟ್. 12ರಿಂದ ಭಾಗಿಸಿ, ಸುಮಾರು 6 ಆಂಪಿಯರ್. ಇದು ಟ್ರ್ಯಾಕ್ಟರಿನ ಸ್ವಂತ ಲೈಟುಗಳ ಜೊತೆಗೆ ಬೀಳುವ ಹೊರೆ. ಫ್ಯೂಸ್ ಹೋಗ್ತಾ ಇದ್ದರೆ ಮೊದಲು ಶಾರ್ಟ್ ಎಲ್ಲಿದೆ ಹುಡುಕಿ. ಶಾರ್ಟ್ ಇಲ್ಲದೆ ಹೊರೆ ಜಾಸ್ತಿಯಾಗಿದ್ದರೆ ಟ್ರೈಲರಿಗೆ ಎಲ್ಇಡಿ ಲೈಟ್ ಹಾಕಿ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದರೆ ಸುಡೋದು ಫ್ಯೂಸಲ್ಲ, ವೈರು. ಟ್ರೈಲರಿನಲ್ಲಿ ಒಣ ಹುಲ್ಲಿದ್ದರೆ ಅದೂ ಹೋಯ್ತು.

ಕೊನೆಗೆ

ಬ್ಯಾಟರಿ ಕೂಡಿಸಿ, ಕತ್ತಲಾದ ಮೇಲೆ ಒಬ್ಬರನ್ನ ಸೀಟಿನ ಮೇಲೆ ಕೂರಿಸಿ, ನೀವು ಐವತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಬ್ರೇಕ್, ಎಡ, ಬಲ, ಮತ್ತೆ ಎಲ್ಲ ಒಟ್ಟಿಗೆ. ಹಿಂದೆ ಎರಡೂ ಬದಿ ಕೆಂಪು ರಿಫ್ಲೆಕ್ಟರ್ ಇರಲೇಬೇಕು. ವೈರ್ ಕಿತ್ತುಹೋದ ದಿನವೂ ಅದು ಕಾಣುತ್ತೆ, ಕೆಸರು ಒರೆಸಿದ್ದರೆ ಮಾತ್ರ. ಕಬ್ಬಿನ ಗರಿ, ಹುಲ್ಲು ಇಳಿಬಿದ್ದು ಲೈಟ್ ಮುಚ್ಚದ ಹಾಗೆ ಹೇರಿ.

ನನಗೆ ಇದಕ್ಕೆಲ್ಲ ಹಿಡಿದಿದ್ದು ಅರ್ಧ ದಿನ. ಆ ರಾತ್ರಿ ಬೈಕಿನವನ ಬ್ರೇಕ್ ಸರಿಯಾಗಿತ್ತು, ಬಚಾವಾದೆವು. ಮುಂದಿನ ಲೋಡಿಗೆ ಮೊದಲು ನಿಮ್ಮ ಟ್ರೈಲರ್ ಹಿಂದೆ ಒಮ್ಮೆ ನಿಂತು ನೋಡಿ.