ಸಾಕೆಟ್ಟಿಗೆ ಹೊಂದಿದ ಮಾತ್ರಕ್ಕೆ ಯಂತ್ರಕ್ಕೆ ಹೊಂದೀತೆ?

ನಲವತ್ತು ಕಾಲುಗಳ ಚಿಪ್ಪು ನಲವತ್ತು ರಂಧ್ರಗಳ ಸಾಕೆಟ್ಟಿನಲ್ಲಿ ಕುಳಿತಿತೆಂದರೆ ಅಲ್ಲಿ ಕೆಲಸವನ್ನೂ ಮಾಡೀತೆಂದು ನಂಬುವವರು, ಹಳೆಯ ಗೃಹಗಣಕಗಳನ್ನು ದುರಸ್ತಿಮಾಡುವ ಹವ್ಯಾಸಿಗಳಲ್ಲಿ ಇಂದಿಗೂ ಇದ್ದಾರೆ. 1982ರಲ್ಲಿ ಹೊರಬಂದ ಕಮಡೋರ್ 64 ಕೆಟ್ಟು ನಿಂತೊಡನೆ, ಅದರ 6510 ಪ್ರೊಸೆಸರನ್ನು ಕಿತ್ತು, ಸುಲಭವಾಗಿ ದೊರೆಯುವ 6502ನ್ನು ಹಾಕಿದರಾಯಿತು, ಎರಡೂ ಒಂದೇ ವಂಶದವಲ್ಲವೆ ಎಂಬ ಸಲಹೆಯನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ.

ವಂಶ ಒಂದೇ ಎಂಬುದೂ, ಎರಡೂ ಪಾಲಿಸುವ ಆಜ್ಞೆಗಳು ಒಂದೇ ಎಂಬುದೂ ನಿಜ. ಆದರೆ ಕಾಲುಗಳನ್ನು ಎಣಿಸಿ ನೋಡಬೇಕು. 6510ರ ಮೊದಲನೆಯ ಕಾಲು ಗಡಿಯಾರದ ಸ್ಪಂದನ ಒಳಬರುವ ದ್ವಾರ. 6502ರಲ್ಲಿ ಅದೇ ಕಾಲು ಗ್ರೌಂಡ್. ಆದುದರಿಂದ ಯಂತ್ರದ ನಾಡಿಯೇ ನೆಲಕ್ಕೆ ಹರಿದುಹೋಗುತ್ತದೆ. ಸಾಕೆಟ್ಟು 5 ವೋಲ್ಟನ್ನು ಆರನೆಯ ಕಾಲಿಗೆ ಕೊಡುತ್ತದೆ. 6502 ಅದನ್ನು ನಿರೀಕ್ಷಿಸುವುದು ಎಂಟನೆಯದರಲ್ಲಿ.

ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದೆವೆಂದೇ ಇಟ್ಟುಕೊಳ್ಳೋಣ. ಆಗಲೂ, 6502ರಲ್ಲಿ ಇಲ್ಲವೇ ಇಲ್ಲದ ಎರಡು ಅಂಗಗಳನ್ನು ಎಲ್ಲಿಂದ ತರುವುದು? 6510ರೊಳಗೆ, 0 ಮತ್ತು 1ನೆಯ ವಿಳಾಸಗಳಲ್ಲಿ, ಆರು ಗೆರೆಗಳ ಒಂದು ಪೋರ್ಟ್ ಇದೆ. ಒಮ್ಮೆಗೆ 64 ಕಿಲೋಬೈಟಿಗಿಂತ ಹೆಚ್ಚು ಕಾಣಲಾರದ ಪ್ರೊಸೆಸರಿಗೆ ಯಾವಾಗ ರ‍್ಯಾಮ್ ಕಾಣಬೇಕು, ಯಾವಾಗ ಬೇಸಿಕ್ ಭಾಷೆಯನ್ನು ಹೊತ್ತ ರೋಮ್ ಚಿಪ್ಪು ಕಾಣಬೇಕು ಎಂಬಂಥ ನಿರ್ಣಯಗಳು ಅದರ ಮೂರು ಗೆರೆಗಳವು. ಕ್ಯಾಸೆಟ್ ಯಂತ್ರದ ಕೆಲಸ ಉಳಿದ ಮೂರರದು. ಇನ್ನೊಂದು ಎಇಸಿ ಎಂಬ ಕಾಲು. ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ವಿಐಸಿ-2 ಚಿಪ್ಪು ಸ್ಮೃತಿಯನ್ನು ಓದುವ ಹೊತ್ತಿಗೆ ಪ್ರೊಸೆಸರನ್ನು ವಿಳಾಸದ ತಂತಿಗಳಿಂದ ಹಿಂದೆ ಸರಿಸುವುದು ಅದೇ. ಅದಿಲ್ಲದ 6502 ದಾರಿ ಬಿಡಲಾರದು. 6510ರ ಜಾಗಕ್ಕೆ ಸಲ್ಲುವುದು ಇನ್ನೊಂದು 6510, ಇಲ್ಲವೆ ಅದರ ಉತ್ತರಾಧಿಕಾರಿಯಾದ 8500.

ಅಟಾರಿ 800ಎಕ್ಸ್‌ಎಲ್‌ನಲ್ಲಿರುವ 6502ಸಿಯ ಕೊನೆಯ ಅಕ್ಷರವನ್ನು ಕಂಡು ಅದನ್ನು 4 ಮೆಗಾಹರ್ಟ್ಸ್ ಚಿಪ್ಪೆಂದು ಭಾವಿಸುವುದೂ ಇಂಥದೇ ಭ್ರಮೆ. ಅದು ಹಾಲ್ಟ್ ಎಂಬ ಪ್ರತ್ಯೇಕ ಕಾಲುಳ್ಳ, ಅಟಾರಿಗಾಗಿಯೇ ಮಾಡಿದ ಚಿಪ್ಪು. ವೇಗದ ಚಿಪ್ಪು ಹಾಕಿದರೆ ಯಂತ್ರ ವೇಗವಾಗದು. ವೇಗವನ್ನು ಗೊತ್ತುಮಾಡುವುದು ಬೋರ್ಡಿನ ಗಡಿಯಾರ. ಕಮಡೋರ್ 64ರ ಪರದೆ ಕಪ್ಪಾದರೆ ಪ್ರೊಸೆಸರ್ ಸತ್ತಿತೆಂದೂ ಅಲ್ಲ. ಸ್ಮೃತಿಯ ಚಿಪ್ಪುಗಳಲ್ಲಿ ಬೇಕಾದುದನ್ನು ಆರಿಸಿಕೊಡುವ ಪಿಎಲ್‌ಎ ಚಿಪ್ಪು, ರ‍್ಯಾಮ್, ವಿದ್ಯುತ್ ಪೆಟ್ಟಿಗೆ, ಇವುಗಳಲ್ಲಿ ಯಾವುದು ಕೆಟ್ಟರೂ ಹಾಗಾದೀತು.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮಕ್ಕಳಿಗೆ ಹೇಳಿಕೊಡುವ ನಾವು, ತಯಾರಕರೇ ಮುದ್ರಿಸಿದ ಪಿನ್‌ಗಳ ನಕ್ಷೆ ಕೈಯಲ್ಲಿರುವಾಗಲೂ ಹೆಸರಿನ ಹೋಲಿಕೆಯನ್ನೂ ಯಾರೋ ಆಡಿದ ಮಾತನ್ನೂ ಪ್ರಮಾಣವೆಂದು ಸ್ವೀಕರಿಸುವುದು ವ್ಯಥೆಯ ಸಂಗತಿ. ಕಮಡೋರ್ ಸಂಸ್ಥೆ 1994ರಲ್ಲಿ ದಿವಾಳಿಯಾಯಿತು. ಸುಟ್ಟುಹೋದ ಚಿಪ್ಪಿಗೆ ಬದಲು ಅಲ್ಲಿಂದ ಇನ್ನು ಬಾರದು. ಆದುದರಿಂದ ಚಿಪ್ಪನ್ನು ಕೀಳುವ ಮುನ್ನ ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಸರಿಯಾಗಿದೆಯೇ ಎಂದು ಅಳೆಯಿರಿ. ಹೊಸದನ್ನು ಕೂರಿಸುವ ಮುನ್ನ ನಲವತ್ತು ಕಾಲುಗಳನ್ನೂ ನಕ್ಷೆಯೊಡನೆ ಹೋಲಿಸಿ ನೋಡಿರಿ.