20 ನಿಮಿಷದ ಪಿಟೀಲು



ಎರಡು ವರ್ಷದ ಹಿಂದೆ ಹಾಸನದಿಂದ ಸ್ಟುಟ್‌ಗಾರ್ಟಿಗೆ ವಾಪಸ್ ಹೊರಟಾಗ ಅಪ್ಪ ತಮ್ಮ ಪಿಟೀಲನ್ನು ನನ್ನ ಕೈಗಿಟ್ಟರು. ಪಾರ್ಶ್ವವಾಯು ಆಗಿ ಆರು ತಿಂಗಳಾಗಿತ್ತು. "ಬಲಗೈ ಕಮಾನು ಹಿಡಿಯೋಲ್ಲ, ನೀನೇ ಇಟ್ಟುಕೋ" ಎಂದರು. ಚಿಕ್ಕಂದಿನಲ್ಲಿ ಅವರಿಂದಲೇ ಕಲಿತ ನಾನು ಇಂಜಿನಿಯರಿಂಗ್ ಸೇರಿದ ಮೇಲೆ ಪಿಟೀಲು ಮುಟ್ಟಿದವನಲ್ಲ! ಇಲ್ಲಿಗೆ ಬಂದವನೇ ಎಕ್ಸೆಲ್‌ನಲ್ಲಿ ವೇಳಾಪಟ್ಟಿ ಹಾಕಿದೆ (ಸಾಫ್ಟ್‌ವೇರ್‌ನವರಿಗೆ ಬೇರೇನು ಗೊತ್ತು?). ದಿನಕ್ಕೆ ಒಂದೂವರೆ ಗಂಟೆ. ಒಂಬತ್ತನೇ ದಿನಕ್ಕೆ ನಿಂತೇಹೋಯಿತು.

ಎರಡನೇ ಸಲ 20 ನಿಮಿಷ ಸಾಕೆಂದುಕೊಂಡೆ. ನಿಜವಾದ ಅಡ್ಡಿ ಪೆಟ್ಟಿಗೆಯದ್ದು. ತೆಗೆಯಬೇಕು, ಶ್ರುತಿ ಮಾಡಬೇಕು, ಅಷ್ಟರಲ್ಲಿ ಮೊಬೈಲ್ ಕೂಗುತ್ತದೆ. ಈಗ ಪಿಟೀಲು ಹೊರಗೇ, ಕಪಾಟಿನ ಮೇಲೆ ಇರುತ್ತದೆ. (ಹೀಟರಿನಿಂದ ದೂರವಿಡಿ. ಚಳಿಗಾಲದ ಒಣಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ.) ಸಂಜೆ ಆರೂವರೆಗೆ ಮನೆ ಸೇರಿದೊಡನೆ, ಕಾಫಿಗೂ ಮೊದಲೇ, ನೆಲದ ಮೇಲೆ ಕೂತುಬಿಡುತ್ತೇನೆ.

ಮೊದಲ ಐದು ನಿಮಿಷ ತಂಬೂರಿ ಆ್ಯಪ್ ಹಾಕಿಕೊಂಡು ಬರೀ ಷಡ್ಜ, ಪಂಚಮ, ಉದ್ದನೆಯ ಕಮಾನು. ಆಮೇಲೆ ಮಾಯಾಮಾಳವಗೌಳದ ಒಂದೇ ಒಂದು ಸರಳೆ, ಮೂರು ಕಾಲದಲ್ಲಿ. ಪುರಂದರದಾಸರು ಮೊದಲ ಪಾಠಕ್ಕೆ ಇದೇ ರಾಗ ಆರಿಸಿದರೆಂದು ಹೇಳುತ್ತಾರೆ. ಅದರ ಜಾಣತನ ನನಗೆ ತಿಳಿದದ್ದು ಈಗ! ನಮ್ಮ ಪಿಟೀಲಿನ ಶ್ರುತಿ ಸ-ಪ-ಸ-ಪ. ಈ ರಾಗದಲ್ಲಿ ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಬರುತ್ತವೆ. ಹಾಗಾಗಿ ಒಂದು ತಂತಿಯಲ್ಲಿ ಬೆರಳು ಕಲಿತ ಜಾಗ ಪಕ್ಕದ ತಂತಿಯಲ್ಲೂ ಅದೇ. ಮೂರನೇ ಕಾಲ ಎಡವಿದರೆ ಎರಡಕ್ಕೆ ಇಳಿಯುತ್ತೇನೆ, ಮುಂದಿನ ಸರಳೆಗೆ ಹಾರುವುದಿಲ್ಲ.

ಉಳಿದ ಹತ್ತು ನಿಮಿಷ ರಾಮನಾಡ್ ಶ್ರೀನಿವಾಸ ಅಯ್ಯಂಗಾರರ ಮೋಹನ ವರ್ಣ, ಎರಡೇ ಆವರ್ತ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಟ್ರೈನಿನಲ್ಲಿ ಕೇಳುತ್ತೇನೆ. ನಾಚಿಕೆಯಾಗುತ್ತದೆ, ನಿಜ. ಆದರೆ ಆ ಸಂಜೆ ಏನು ತಿದ್ದಬೇಕೆಂದು ಯೋಚಿಸುವ ಕೆಲಸ ಉಳಿಯುತ್ತದೆ.

ಪಕ್ಕದ ಮನೆಯವರ ಚಿಂತೆಯೇ? 2018ರಲ್ಲಿ ಇಲ್ಲಿನ ಫೆಡರಲ್ ನ್ಯಾಯಾಲಯ ಟ್ರಂಪೆಟ್ ವಾದಕರೊಬ್ಬರ ಮೊಕದ್ದಮೆಯಲ್ಲಿ, ಮನೆಯಲ್ಲಿ ವಾದ್ಯ ನುಡಿಸುವುದನ್ನು ಪೂರ್ತಿ ನಿಷೇಧಿಸಲಾಗದು ಎಂದಿತು. ವಾರದ ದಿನಗಳಲ್ಲಿ ಎರಡು-ಮೂರು ಗಂಟೆ, ಭಾನುವಾರ ಒಂದೆರಡು ಗಂಟೆ, ಅದೂ ವಿಶ್ರಾಂತಿಯ ಹೊತ್ತು ಬಿಟ್ಟು ಎಂಬ ಅಂದಾಜನ್ನೂ ಕೊಟ್ಟಿತು. ಟ್ರಂಪೆಟ್ಟಿಗೇ ಅಷ್ಟಾದರೆ ನನ್ನ 20 ನಿಮಿಷ ಯಾವ ಲೆಕ್ಕ! ಆದರೂ ಕುದುರೆಗೆ ರಬ್ಬರ್ ಮ್ಯೂಟ್ ಸಿಕ್ಕಿಸುತ್ತೇನೆ.

ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಅಪ್ಪನಿಗೆ ನುಡಿಸಿ ತೋರಿಸುತ್ತೇನೆ. ದನಿ ತಡವಾಗಿ ತಲುಪುವುದರಿಂದ ಅವರು ಎಡಗೈಯಲ್ಲಿ ಹಾಕುವ ತಾಳ ನನಗೆ ಸದಾ ಹಿಂದೆ ಬೀಳುತ್ತದೆ. ಅದನ್ನು ನೋಡದೆ ನುಡಿಸುವುದನ್ನು ಕಲಿತಿದ್ದೇನೆ. ಇಷ್ಟು ದಿನ ಏನು ನುಡಿಸಿದರೂ "ಚೆನ್ನಾಗಿದೆ ಕಣೋ" ಎನ್ನುತ್ತಿದ್ದರು, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಕಳೆದ ವಾರ ಮಾತ್ರ ವರ್ಣದ ಮಧ್ಯದಲ್ಲೇ ತಡೆದರು. "ಗಾಂಧಾರ ತಗ್ಗಿದೆ, ಮತ್ತೆ ನುಡಿಸು" ಎಂದು ತಾವೇ ಹಾಡಿ ತೋರಿಸಿದರು. ಅವತ್ತು 20 ನಿಮಿಷ ಒಂದು ಗಂಟೆಯಾಯಿತು.