ಕಾರ್ಯಕ್ರಮ ಒಂದು, ಪ್ರಸಾರ ಹಲವು

ಈ ಪತ್ರಿಕೆ ಕೈಗೆ ಬಂದೊಡನೆ ತಾವು ಮೊದಲು ತೆರೆಯುವ ಪುಟ ಯಾವುದೆಂದು ನಾನು ಬಲ್ಲೆ. ನಮ್ಮಂಥವರ ಲೇಖನದ ಪುಟವಂತೂ ಅಲ್ಲ. ಯಾವ ದಿನ ಯಾರ ಗಾಯನ, ಎಷ್ಟು ಗಂಟೆಗೆ ನಾಟಕ ಎಂಬ ಪಟ್ಟಿಯನ್ನು ನೋಡಿ, ಬೇಕಾದುದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಂಡು, ಆಮೇಲೆ ಬಿಡುವಾದರೆ ಉಳಿದ ಕಡೆಗೆ ಕಣ್ಣು ಹಾಯಿಸುವಿರಿ. ತಪ್ಪೇನೂ ಇಲ್ಲ, ನಾನೂ ಹಾಗೆಯೇ ಮಾಡುತ್ತೇನೆ. ಎಡಗಡೆ ವೇಳೆ, ಬಲಗಡೆ ಹೆಸರು: ಇದಕ್ಕಿಂತ ಸುಲಭವಾದ ಬರಹ ಲೋಕದಲ್ಲಿ ಇರಲಾರದೆಂದೇ ನನಗೆ ಬಹುಕಾಲ ತೋರಿತ್ತು.

ಹೋದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಒಂದು ಟೆಲಿವಿಷನ್ ನಿಲಯಕ್ಕಾಗಿ ಕಾರ್ಯಕ್ರಮಗಳ ವಿವರವನ್ನೂ ಪ್ರಸಾರದ ವೇಳಾಪಟ್ಟಿಯನ್ನೂ ನೋಡಿಕೊಳ್ಳತಕ್ಕ ತಂತ್ರಾಂಶವನ್ನು ರಚಿಸುವುದು ಅವನ ಉದ್ಯೋಗ. ತಂತ್ರಾಂಶವೆಂದರೆ, ಕಂಪ್ಯೂಟರು ಏನೇನು ಮಾಡಬೇಕೆಂಬುದನ್ನು ಸಾಲು ಸಾಲಾಗಿ ವಿಧಿಸಿ ಬರೆದ ಕಟ್ಟಳೆ ಎಂದು ತಿಳಿದರೆ ಸಾಕು. ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪಲ್ಲ ಇದು. ಆ ನಿಲಯದ ಮೈಯಳತೆ ತೆಗೆದುಕೊಂಡು ಹೊಲಿಯಬೇಕಾದದ್ದು. “ಒಂದು ಕೋಷ್ಟಕ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ ಮೇಷ್ಟ್ರೇ. ಎರಡು ತಿಂಗಳಲ್ಲಿ ಕೈ ಸುಟ್ಟುಕೊಂಡೆ” ಎಂದನು.

ಅವನ ಕೋಷ್ಟಕದಲ್ಲಿ ತಾರೀಖು, ವೇಳೆ, ಹೆಸರು, ವಿವರ ಎಂದು ನಾಲ್ಕು ಖಾನೆಗಳಿದ್ದವು. ಮೊದಲ ವಾರ ಎಲ್ಲವೂ ಸರಿಯಾಗಿತ್ತು. ಎರಡನೆಯ ವಾರ ಒಂದು ನಾಟಕದ ಮರುಪ್ರಸಾರ ಬಂದಿತು. ಹೆಸರನ್ನೂ ವಿವರವನ್ನೂ ಮತ್ತೆ ಬರೆಯಬೇಕಾಯಿತು. ಬರೆಯುವಾಗ ಗುಮಾಸ್ತರ ಕೈಯಲ್ಲಿ ಒಂದು ಒತ್ತಕ್ಷರ ತಪ್ಪಿತು. ತಾವಾಗಲಿ ನಾನಾಗಲಿ ಅದನ್ನು ನೋಡಿ ನಕ್ಕು ಮುಂದೆ ಹೋಗುತ್ತೇವೆ. ಯಂತ್ರಕ್ಕೆ ಆ ಉದಾರಬುದ್ಧಿ ಇಲ್ಲ. ಅಕ್ಷರ ಬೇರೆಯಾದರೆ ನಾಟಕವೇ ಬೇರೆ ಎಂದು ಅದು ತೀರ್ಮಾನಿಸಿತು. ಮೊದಲನೆಯದರಲ್ಲಿ ನಟಿಯ ಹೆಸರನ್ನು ತಿದ್ದಿದರೆ ಎರಡನೆಯದರಲ್ಲಿ ತಪ್ಪು ಹಾಗೆಯೇ ಉಳಿಯಿತು. ಆರು ತಿಂಗಳಾಗುವಷ್ಟರಲ್ಲಿ ಒಂದೇ ನಾಟಕ ಐದು ಹೆಸರಿನಿಂದ ಐದು ಕಡೆ ಕುಳಿತಿತ್ತು.

ನಾನು ಅವನಿಗೆ ಕೇಳಿದೆ: “ಗದುಗಿನ ಭಾರತವನ್ನು ನಿನಗೆ ಪಾಠ ಹೇಳಿದ್ದೆನಲ್ಲ, ಎಷ್ಟು ಪರ್ವ?” “ಹತ್ತು.” “ಪರ್ವದೊಳಗೆ?” “ಸಂಧಿ.” “ಸಂಧಿಯೊಳಗೆ ಪದ್ಯ. ನಮ್ಮೂರ ದೇವಸ್ಥಾನದ ಚಾವಡಿಯಲ್ಲಿ ಗಮಕಿಗಳು ಈ ರಾತ್ರಿ ಒಂದು ಸಂಧಿಯನ್ನು ವಾಚಿಸುತ್ತಾರೆ, ಬರುವ ತಿಂಗಳು ಪಕ್ಕದೂರಿನಲ್ಲಿ ಅದನ್ನೇ ವಾಚಿಸುತ್ತಾರೆ. ಕುಮಾರವ್ಯಾಸನು ಎರಡು ಸಲ ಬರೆದನೇನು?”

ಕಾವ್ಯ ಬೇರೆ, ವಾಚನ ಬೇರೆ. ಕಾರ್ಯಕ್ರಮ ಬೇರೆ, ಪ್ರಸಾರ ಬೇರೆ. ಕಾರ್ಯಕ್ರಮಕ್ಕೆ ಹೆಸರು, ಕರ್ತೃ, ಪಾತ್ರವರ್ಗ ಇರುತ್ತವೆ. ಪ್ರಸಾರಕ್ಕೆ ದಿನ, ವೇಳೆ, ವಾಹಿನಿ. ಇವೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ್ದೇ ಅವನ ಮೊದಲ ತಪ್ಪು. ನಮ್ಮಲ್ಲಿ ಓಲೆಯ ಪ್ರತಿಗಳನ್ನು ಪರಿಷ್ಕರಿಸುವವರು ಪಾಠಾಂತರವೆಂದು ಹೇಳುತ್ತಾರಷ್ಟೆ. ಇಲ್ಲಿಯೂ ಅದು ಉಂಟು. ಒಂದು ಗಂಟೆಯ ಚಿತ್ರವನ್ನು ನಲವತ್ತು ನಿಮಿಷಕ್ಕೆ ಕತ್ತರಿಸಿ ತೋರಿಸುವುದುಂಟು, ಕಿವಿ ಕೇಳದವರಿಗಾಗಿ ಸಂಜ್ಞಾಭಾಷೆ ಸೇರಿಸಿ ತೋರಿಸುವುದುಂಟು. ಕೃತಿ ಒಂದೇ, ಪಾಠ ಎರಡು.

ಬ್ರಿಟನ್ನಿನ ಬಿ.ಬಿ.ಸಿ.ಯವರು 2007ರಲ್ಲಿ ತಮ್ಮ ಎಲ್ಲ ಕಾರ್ಯಕ್ರಮಗಳಿಗಾಗಿ ಅಂತರ್ಜಾಲದಲ್ಲಿ ಒಂದು ವ್ಯವಸ್ಥೆಯನ್ನು ಕಟ್ಟಿದಾಗ ಇದೇ ಕ್ರಮವನ್ನು ಹಿಡಿದರು. ಮಾಲಿಕೆ, ಅದರೊಳಗೆ ಸರಣಿ, ಸರಣಿಯೊಳಗೆ ಕಂತು, ಕಂತಿಗೆ ಪಾಠಗಳು, ಪ್ರತಿಯೊಂದು ಪಾಠಕ್ಕೆ ಪ್ರಸಾರಗಳು. ಒಂದೊಂದು ಕಂತಿಗೂ ಒಂದು ಗುರುತಿನ ಸಂಖ್ಯೆ. ಹೆಸರು ಬದಲಾದರೂ, ಇಪ್ಪತ್ತು ಸಲ ಪ್ರಸಾರವಾದರೂ ಆ ಗುರುತು ಬದಲಾಗದು. ತಪ್ಪನ್ನು ಒಂದು ಕಡೆ ತಿದ್ದಿದರೆ ಇಪ್ಪತ್ತು ಕಡೆಯೂ ತಿದ್ದಿದಂತೆ.

ಇದಕ್ಕೆ ಒಂದು ಹಳೆಯ ನಿದರ್ಶನ ಕೊಡುತ್ತೇನೆ. ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಮೊದಲ ಕಂತು 1963ರ ನವೆಂಬರ್ 23ರ ಶನಿವಾರ ಸಂಜೆ 5-15ಕ್ಕೆ ಎಂದು ಅಚ್ಚಾಗಿತ್ತು. ಅದರ ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿಯವರ ಕೊಲೆಯಾಯಿತು. ಕಂತು ಒಂದು ನಿಮಿಷಕ್ಕೂ ತುಸು ಹೆಚ್ಚು ತಡವಾಗಿ ಆರಂಭವಾಯಿತು. ಆ ಗಲಿಬಿಲಿಯಲ್ಲಿ ಬಹಳ ಮಂದಿಗೆ ಅದನ್ನು ನೋಡಲಾಗಲಿಲ್ಲವೆಂದು, ಮುಂದಿನ ಶನಿವಾರ, 30ರಂದು, ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನೇ ಮತ್ತೆ ತೋರಿಸಿದರು. ಕಂತು ಒಂದು, ಪ್ರಸಾರ ಎರಡು. ಗೊತ್ತುಮಾಡಿದ ವೇಳೆ ಒಂದು, ನಡೆದ ವೇಳೆ ಇನ್ನೊಂದು. ನನ್ನ ಶಿಷ್ಯನ ನಾಲ್ಕು ಖಾನೆಗಳಲ್ಲಿ ಇದನ್ನು ಎಲ್ಲಿ ಬರೆಯುವುದು?

ಗೊತ್ತುಮಾಡಿದ್ದಕ್ಕೂ ನಡೆದದ್ದಕ್ಕೂ ಇರುವ ಈ ಅಂತರವನ್ನು ನಮ್ಮ ಪ್ರಸಾರ ನಿಲಯಗಳು ಕಂಪ್ಯೂಟರಿಗಿಂತ ಬಹು ಮುಂಚೆಯೇ ಅರಿತಿದ್ದವು. ಅಲ್ಲಿ ‘ಫಿಕ್ಸೆಡ್ ಪಾಯಿಂಟ್ ಚಾರ್ಟ್’ ಎಂಬ ಒಂದು ಚೌಕಟ್ಟು ಇರುತ್ತದೆ. ಇಷ್ಟು ಗಂಟೆಗೆ ಸುದ್ದಿ, ಇಷ್ಟು ಗಂಟೆಗೆ ಸಂಗೀತ ಎಂದು. ಆ ಚೌಕಟ್ಟಿನೊಳಗೆ ದಿನದಿನದ ಹೆಸರುಗಳನ್ನು ತುಂಬಿದರೆ ‘ಕ್ಯೂ ಶೀಟ್’. ಇನ್ನು ಡ್ಯೂಟಿ ಆಫೀಸರರು ತಮ್ಮ ವರದಿಯಲ್ಲಿ ಬರೆದಿಡುವುದು ವಾಸ್ತವವಾಗಿ ಏನು ಪ್ರಸಾರವಾಯಿತು, ಎಲ್ಲಿ ತಡವಾಯಿತು ಎಂಬುದನ್ನು. ತಂತ್ರಾಂಶವೂ ಈ ಮೂರನ್ನು ಬೇರೆಬೇರೆಯಾಗಿಯೇ ಇಡಬೇಕು. ಒಂದರ ಮೇಲೆ ಒಂದನ್ನು ಬರೆದು ಅಳಿಸಿದರೆ ಮುಂದಿನವರಿಗೆ ಚರಿತ್ರೆಯೇ ಇಲ್ಲ.

ಅಚ್ಚಿನ ಪಟ್ಟಿಗೆ ಚರಿತ್ರೆಯ ಬೆಲೆ ಬರುವುದನ್ನು ಮತ್ತೆ ಬಿ.ಬಿ.ಸಿ.ಯಲ್ಲಿಯೇ ನೋಡಬಹುದು. ಅವರ ‘ರೇಡಿಯೋ ಟೈಮ್ಸ್’ ಪತ್ರಿಕೆ 1923ರ ಸೆಪ್ಟೆಂಬರ್ 28ರಂದು ಹೊರಟಿತು. (ನಮ್ಮ ದೇಶದ ‘ಇಂಡಿಯನ್ ರೇಡಿಯೋ ಟೈಮ್ಸ್’ 1927ರ ಜುಲೈನಲ್ಲಿ ಹೊರಟು, 1935ರ ಡಿಸೆಂಬರಿನಲ್ಲಿ ‘ದಿ ಇಂಡಿಯನ್ ಲಿಸನರ್’ ಆಗಿ, 1958ರಲ್ಲಿ ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು.) 1923ರಿಂದ 2009ರವರೆಗಿನ ಅದರ ಪುಟಗಳನ್ನೆಲ್ಲ ಯಂತ್ರದಿಂದ ಓದಿಸಿ, 2014ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಮುಂದಿಟ್ಟರು. ಅದಕ್ಕೆ ‘ಜೀನೋಮ್’ ಎಂದು ಹೆಸರು; 44 ಲಕ್ಷಕ್ಕೂ ಮೀರಿದ ಕಾರ್ಯಕ್ರಮಗಳ ನಮೂದು. ಆದರೆ ಅದು ಗೊತ್ತುಮಾಡಿದ್ದರ ಪಟ್ಟಿ. ಕೆನಡಿಯವರು ಸತ್ತ ರಾತ್ರಿಯ ಪುಟಕ್ಕೆ ಆ ಸಾವು ಗೊತ್ತಿಲ್ಲ. ಮೊದಲೇ ಅಚ್ಚಾದುದಕ್ಕೆ ಗೊತ್ತಿರುವುದು ಹೇಗೆ? ಜೀನೋಮಿನವರೂ ಇದನ್ನು ಮುಚ್ಚಿಡದೆ ಹೇಳಿದ್ದಾರೆ.

ಇನ್ನು ವೇಳೆಯ ಮಾತು. ರಾತ್ರಿ 12-30ರ ಚಲನಚಿತ್ರ ಶನಿವಾರದ್ದೋ ಭಾನುವಾರದ್ದೋ? ಕ್ಯಾಲೆಂಡರು ಭಾನುವಾರ ಎನ್ನುತ್ತದೆ. ಮನೆಯವರು ಶನಿವಾರ ರಾತ್ರಿ ಎನ್ನುತ್ತಾರೆ. ಪ್ರಸಾರ ನಿಲಯಗಳು ಸಾಮಾನ್ಯವಾಗಿ ಮನೆಯವರ ಪಕ್ಷ. ಅವರ ದಿನ ಬೆಳಗಿನಿಂದ ಆರಂಭ. ಸೂರ್ಯೋದಯದಿಂದ ವಾರವನ್ನು ಎಣಿಸುವ ನಮ್ಮ ಪಂಚಾಂಗದವರಿಗೆ ಇದು ಹೊಸದೇನೂ ಅಲ್ಲ. ಪಟ್ಟಿಯಲ್ಲಿ ಯಾವ ದಿನದಡಿ ತೋರಿಸಬೇಕೆಂಬುದನ್ನೂ ಗಡಿಯಾರದ ನಿಜವಾದ ವೇಳೆಯನ್ನೂ ತಂತ್ರಾಂಶ ಪ್ರತ್ಯೇಕವಾಗಿ ಇಟ್ಟುಕೊಳ್ಳದಿದ್ದರೆ, ಚಿತ್ರವನ್ನು ನೋಡಲು ತಾವು ಒಂದು ದಿನ ತಡವಾಗಿ ಎಚ್ಚರವಿರಬೇಕಾದೀತು.

ಪಂಚಾಂಗವೆಂದ ಮೇಲೆ ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಡಿಜಿಟಲ್ ಪ್ರಸಾರದಲ್ಲಿ ಚಿತ್ರ, ಧ್ವನಿಗಳ ಜೊತೆಗೆ ಕಾರ್ಯಕ್ರಮ ಪಟ್ಟಿಯೂ ಅಲೆಗಳಲ್ಲಿಯೇ ಬರುತ್ತದೆ. ಯುರೋಪಿನಲ್ಲಿ ಹುಟ್ಟಿದ ಡಿ.ವಿ.ಬಿ. ಎಂಬ ಪದ್ಧತಿಯಲ್ಲಿ (ನಮ್ಮ ಡಿಡಿ ಫ್ರೀ ಡಿಷ್ ಕೂಡ ಈ ಮನೆತನದ್ದೇ) ತಾರೀಖನ್ನು ತಿಂಗಳು, ವರ್ಷ ಎಂದು ಕಳಿಸುವುದಿಲ್ಲ. 1858ರ ನವೆಂಬರ್ 17ನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಎಷ್ಟನೆಯ ದಿನ ಎಂಬ ಒಂದೇ ಸಂಖ್ಯೆ. ನಮ್ಮ ಜ್ಯೋತಿಷಿಗಳು ಕಲಿಯುಗಾದಿಯಿಂದ ದಿನ ಎಣಿಸುವ ಅಹರ್ಗಣವೇ ಇದು! ಕನ್ನಡನಾಡು ಒಂದುಗೂಡಿದ 1956ರ ನವೆಂಬರ್ 1 ಈ ಲೆಕ್ಕದಲ್ಲಿ 35,778ನೆಯ ದಿನ. ಆ ಸಂಖ್ಯೆಗೆ ಕೊಟ್ಟಿರುವ ಸ್ಥಳದಲ್ಲಿ 65,535ಕ್ಕಿಂತ ದೊಡ್ಡದು ಹಿಡಿಸದು. 2038ರ ಏಪ್ರಿಲ್ 22ಕ್ಕೆ ಅದು ತುಂಬುತ್ತದೆ. ವೇಳೆ ಬರುವುದು ವಿಶ್ವಸಮಯದಲ್ಲಿ. ನಮ್ಮ ಪೆಟ್ಟಿಗೆ ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸಬೇಕು. ‘ಈಗ ನಡೆಯುತ್ತಿರುವುದು, ಮುಂದಿನದು’ ಎಂಬ ಎರಡು ನಮೂದುಗಳನ್ನು ಮಾತ್ರ ಎರಡು ಸೆಕೆಂಡಿಗೊಮ್ಮೆಯಾದರೂ ಮತ್ತೆ ಮತ್ತೆ ಕಳಿಸಬೇಕೆಂದು ವಿಧಿ ಇದೆ. ಕಾರ್ಯಕ್ರಮ ಹಿಂದುಮುಂದಾದಾಗ ನಿಲಯದವರು ಇವನ್ನು ತಿದ್ದಿದರೆ ಪ್ರೇಕ್ಷಕನಿಗೆ ಕೂಡಲೇ ತಿಳಿಯುತ್ತದೆ. ತಿದ್ದದಿದ್ದರೆ?

ನಮ್ಮ ಅಕ್ಕ ಒಮ್ಮೆ ಹಳ್ಳಿಯಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದಿದ್ದಳು. ಅವಳ ಮೊಮ್ಮಗನು ಯಾವುದೋ ವಾಹಿನಿಯ ಮಕ್ಕಳ ಕಾರ್ಯಕ್ರಮದಲ್ಲಿ ಹಾಡಿದ್ದನು. ನಾಲ್ಕು ಗಂಟೆಗೆ ಎಂದು ಪಟ್ಟಿಯಲ್ಲಿತ್ತು. ಅವಳು ಮೂರೂವರೆಗೇ ಸೀರೆ ಬದಲಾಯಿಸಿ ಕುಳಿತಳು. ಕ್ರಿಕೆಟ್ ಪಂದ್ಯ ಮುಗಿಯಲಿಲ್ಲ. ತೆರೆಯ ಕೆಳಗಿನ ಪಟ್ಟಿ ಮಾತ್ರ ಮಕ್ಕಳ ಕಾರ್ಯಕ್ರಮ ನಡೆಯುತ್ತಿದೆ ಎಂದು ಸಾಧಿಸುತ್ತಿತ್ತು. ಐದಾಯಿತು; ಊರಿಗೆ ಕೊನೆಯ ಬಸ್ಸು ಐದೂಕಾಲಕ್ಕೆ. ಅವಳು ಎದ್ದು ಹೋದ ಮೇಲೆ ಹಾಡು ಬಂದಿತು. ಮರುಪ್ರಸಾರವನ್ನಾದರೂ ಹಿಡಿಯೋಣವೆಂದು ವಾರವಿಡೀ ಪಟ್ಟಿಯನ್ನು ಹುಡುಕಿದೆ. ಎಲ್ಲೆಲ್ಲಿಯೂ ‘ವಿಶೇಷ ಕಾರ್ಯಕ್ರಮ’, ‘ವಿಶೇಷ ಕಾರ್ಯಕ್ರಮ’ ಎಂದಷ್ಟೇ ಇತ್ತು. ಅವುಗಳಲ್ಲಿ ನಮ್ಮ ಹುಡುಗನದು ಯಾವುದು?

ಈ ಸಂಗತಿಯನ್ನು ಶಿಷ್ಯನಿಗೆ ಹೇಳಿದೆ. ಕಂತಿಗೆ ಅದರದೇ ಗುರುತೂ ಒಂದು ಸಾಲಿನ ವಿವರವೂ ಇದ್ದಿದ್ದರೆ ಮರುಪ್ರಸಾರವನ್ನು ಯಂತ್ರವೇ ಹುಡುಕಿಕೊಡುತ್ತಿತ್ತು ಎಂದು ಅವನು ಒಪ್ಪಿದನು. ಮೊನ್ನೆ ಅವನಿಂದ ಕಾಗದ ಬಂದಿದೆ. ಅವನ ಹೊಸ ತಂತ್ರಾಂಶದಲ್ಲಿ ಹೆಸರಿನ ಖಾನೆಯಲ್ಲಿ ‘ವಿಶೇಷ ಕಾರ್ಯಕ್ರಮ’ ಎಂದು ಬರೆದು ಸುಮ್ಮನಾದರೆ, ಯಂತ್ರ ಮುಂದಕ್ಕೆ ಬಿಡುವುದಿಲ್ಲವಂತೆ. ಯಾವುದರ ಎಷ್ಟನೆಯ ಕಂತು, ಅದರಲ್ಲಿ ಯಾರಿದ್ದಾರೆ ಎಂದು ಕೇಳುತ್ತದಂತೆ. ನಿಲಯದ ಗುಮಾಸ್ತರು ಮೊದಮೊದಲು ಬಹಳ ಗೊಣಗಿದರೆಂದೂ ಬರೆದಿದ್ದಾನೆ.